ಆರತಿ ತಿರುಗೋ ಮೂಲೆ

ಬದುಕಿದ್ದೀನಿ ಅಂತ ಬರೆಸಿಕೊಂಡು ಬರೋಕೆ ಹೋದ ವಾರ ವಾರ್ಡ್ ಆಫೀಸಿಗೆ ಹೋಗಿದ್ದೆ. ವಿಧವಾ ಪಿಂಚಣಿ ನಿಂತುಹೋಗಿತ್ತು. ನಾಡಕಚೇರೀಲಿ ಕೇಳಿದರೆ, ನಮ್ಮೋರು ಬಂದು ನೋಡಿದ್ದಾರೆ, ಆ ವಿಳಾಸದಲ್ಲಿ ಅಂಥ ಅಜ್ಜಿ ಯಾರೂ ಇಲ್ಲ ಅಂತ ಬರೆದಿದ್ದಾರೆ ಅಂದರು. ಅವರು ಬರೆದದ್ದು ಸುಳ್ಳಲ್ಲ. ಆ ಮನೇಲಿ ಈಗ ನಾನಿಲ್ಲ. ಅದು ಈಗ ಮನೆಯೂ ಅಲ್ಲ, ಮಗ ಕೆಡವಿ ನಾಲ್ಕು ಅಂತಸ್ತಿನ ಪೀಜಿ ಎಬ್ಬಿಸಿದ್ದಾನೆ. ಹಾಗಾದರೆ ಎಲ್ಲಿದ್ದೀರಿ ಅಂತ ವಾರ್ಡ್ ಆಫೀಸಿಂದ ಕಾಗದ ತನ್ನಿ ಅಂದರು. ಕಾಡುಗೋಡಿ ಸಂತೆ ಬೀದಿ ದಾಟಿ, ಎರಡು ಸಲ ಕೂತು ಎದ್ದು, ಅಲ್ಲಿಗೆ ಹೋದೆ.

ಬೆಂಚಿನ ಎದುರು ಗೋಡೆ ಮೇಲೆ ಒಂದು ದೊಡ್ಡ ಫ್ಲೆಕ್ಸು ತೂಗುಹಾಕಿದ್ದರು. ಮೇಲೆ ದಪ್ಪ ಅಕ್ಷರ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಕೂಡಿಸಿ ಕೂಡಿಸಿ ಓದಿದೆ. ನಮ್ಮ ಊರು, ನಾವೇ ಬರೆದ ನಕ್ಷೆ. ಕೆಳಗೆ ಬಿಳೀ ಗೆರೆ, ಕೆಂಪು ಗೆರೆ, ಚೌಕ ಚೌಕ ಮನೆಗಳು. ಬಿಸಿಲಿಗೆ ಬಣ್ಣ ಹೋಗಿ ಪೇಲವ ಆಗಿತ್ತು, ಆದರೂ ಗೊತ್ತಾಯ್ತು. ನನ್ನ ಕೈಯ ರಂಗೋಲಿ, ಅದರದೇ ಫೋಟೋ. ರಂಗೋಲಿ ಎಳೆಯುವಾಗ ಗೆರೆಯ ತುದೀಲಿ ಬೆರಳು ಕೊಡವೋದು ನನ್ನ ಅಭ್ಯಾಸ, ಅಲ್ಲೊಂದು ಬಾಲದಂಥದ್ದು ಉಳಿಯುತ್ತೆ. ಆ ಬಾಲಗಳೂ ಫೋಟೋದಲ್ಲಿ ಹಾಗೇ ಬಂದಿದ್ದವು.

ಬಲಗಡೆ ಕೆಳಗಿನ ಮೂಲೆ ಮಾತ್ರ ಖಾಲಿ. ಆ ಖಾಲಿ ಜಾಗ ನೋಡ್ತಾ ಕೂತಿದ್ದಕ್ಕೆ ಆ ವರ್ಷ ಎಲ್ಲಾ ಜ್ಞಾಪಕಕ್ಕೆ ಬಂತು. ನಾನಾಗಿ ಕರೆಸಿಕೊಂಡಿದ್ದಲ್ಲ.

ಆ ವರ್ಷ ಯುಗಾದಿ ಕಳೆದು ಎರಡು ವಾರಕ್ಕೆ ಒಬ್ಬಳು ಹುಡುಗಿ ಬಂದಳು. ಬ್ಯಾಗು, ಟೋಪಿ, ಕೈಯಲ್ಲಿ ಒಂದು ಪುಸ್ತಕ. ನಗರ ಹೆಂಗೆ ಬೆಳೀಬೇಕು, ನೀರು ಎಲ್ಲಿಗೆ ಹೋಗಬೇಕು, ಕಸ ಎಲ್ಲಿಗೆ ಹೋಗಬೇಕು ಅಂತ ಜನರ ಕೈಯಲ್ಲೇ ಯೋಚನೆ ಮಾಡಿಸೋ ಕೆಲಸ ಅಂತೆ ಅವಳದು. ಅದಕ್ಕೆಲ್ಲ ಟೂಲುಗಳಿವೆ ಅಜ್ಜಿ ಅಂದಳು. ನಾನು ಅವಳ ಬ್ಯಾಗು ನೋಡಿದೆ. ನನ್ನ ಮಗ ಪೀಣ್ಯದಲ್ಲಿ ಹನ್ನೆರಡು ವರ್ಷ ಲೇತ್ ಮಿಷಿನ್ನಿಗೆ ನಿಂತವನು, ಟೂಲು ಅಂದರೆ ನನಗೆ ಕಬ್ಬಿಣ. ಇವಳು ತೆಗೆದಿದ್ದು ಒಂದು ದಾರದ ಉಂಡೆ, ಸೀಮೆಸುಣ್ಣ, ಒಂದು ಚೀಲ ಒಣ ಅವರೆಕಾಳು. ಇದರಲ್ಲಿ ಊರು ರಿಪೇರಿ ಮಾಡ್ತೀಯಾ ತಾಯಿ ಅಂದೆ. ನಕ್ಕಳು. ಒಳ್ಳೇ ಹುಡುಗಿ, ಸುಳ್ಳು ಹೇಳಬಾರದು. ಹೆಂಗಸರೆಲ್ಲ ಅವಳಿಗೆ ನಕ್ಷೆ ಮೇಡಂ ಅಂತ ಹೆಸರಿಟ್ಟರು.

ಸಮಾಚಾರ ಏನೆಂದರೆ, ಆಫೀಸಿನವರ ಹತ್ತಿರ ಇದ್ದ ಹಳೇ ನಕ್ಷೇಲಿ ನಮ್ಮೂರು ಬರೀ ರಾಗಿ ಹೊಲ. ಈ ಕಡೆ ಕಂಪನಿ, ಆ ಕಡೆ ಅಪಾರ್ಟ್‌ಮೆಂಟು, ನಡುವೆ ಒಂದು ಹಸಿರು ತುಂಡು. ಮನೆಗಳೇ ಇಲ್ಲದ ಮೇಲೆ ಮೋರಿ ಯಾಕೆ, ದೀಪ ಯಾಕೆ. ಅದಕ್ಕೇ ಊರಿನ ಹೆಂಗಸರು ನೆಲದ ಮೇಲೆ ರಂಗೋಲಿ ಪುಡೀಲಿ ಊರು ಬರೀಬೇಕು, ಅದರ ಫೋಟೋ ತೆಗೆದು ಇಂಜಿನಿಯರ್ ಹತ್ತಿರ ಒಯ್ತೀನಿ ಅಂದಳು. ದೇವಸ್ಥಾನದ ಮುಂದೆ ದೊಡ್ಡ ರಂಗೋಲಿ ಬಿಡೋಳು ನಾನೇ. ಚೀಲ ನನ್ನ ಕೈಗೆ ಬಂತು.

ಸ್ಕೂಲ್ ಮೈದಾನ ಗುಡಿಸಿ ನೀರು ಹಾಕಿದರು. ಮನೆಗೆ ಬಿಳೀ ಪುಡಿ, ದಾರಿಗೆ ಕೆಮ್ಮಣ್ಣು, ಟಾರ್ ರೋಡಿಗೆ ಇದ್ದಿಲ ಪುಡಿ, ಮರಕ್ಕೆ ಬೇವಿನ ಸೊಪ್ಪು. ಎಲ್ಲಿಂದ ಶುರು ಮಾಡೋದು ಅಂತ ಯಾರೂ ಕೇಳಲಿಲ್ಲ. ನಮಗೆ ಊರಿಗೆ ಇರೋದು ಒಂದೇ ದಾರಿ. ಊರಹಬ್ಬದ ದಿನ ತಂಬಿಟ್ಟಿನ ಆರತಿ ಹೊತ್ತು ಹೆಂಗಸರು ಹೊರಡ್ತೀವಲ್ಲ, ಗೌಡರ ಮನೆ ಮೊದಲು, ಆಮೇಲೆ ಮೇಲಿನ ಬೀದಿ, ಅಲ್ಲಿಂದ ಬಾವಿ ಬೀದಿ, ಕೊನೆಗೆ ಮುನೇಶ್ವರನ ಅರಳಿಮರ. ಮರದ ಹತ್ತಿರ ಒಂದು ಸುತ್ತು ಬಂದು ತಿರುಗಿಬಿಡ್ತೀವಿ. ಮದುವೆಯಾಗಿ ಬಂದಾಗಿಂದ ಹಾಗೇ ತಿರುಗಿದ್ದೀನಿ. ಆರತಿ ಹೋದ ಸಾಲಿಗೇ ಮನೆಗಳನ್ನ ಬರೀತಾ ಹೋದೆ. ನನ್ನ ಓರಗಿತ್ತಿ ಪಾಪಮ್ಮ ಬಗ್ಗಿ ನಿಂತು, ಅವಳ ಮನೆ ಚೌಕ ನಮ್ಮ ಮನೇಗಿಂತ ಸಣ್ಣದಾಯ್ತು ಅಂತ ಜಗಳ ತೆಗೆದಳು. ಅಳೆದು ನೋಡೇ ಅಂದೆ. ಅವಳು ದಾರ ತಗೊಂಡು ನಿಜವಾಗಲೂ ಅಳೆದಳು.

ಅರಳಿಮರಕ್ಕೆ ಒಂದು ಹಿಡಿ ಬೇವಿನ ಸೊಪ್ಪಿಟ್ಟು, ಬೆರಳು ಕೊಡವಿ, ಸೊಂಟ ನೆಟ್ಟಗೆ ಮಾಡಿದೆ. ಮೇಡಂ ಕೇಳಿದಳು, "ಊರು ಇಷ್ಟೇನಾ ಅಜ್ಜಿ?"

"ಇಷ್ಟೇ ಕಣಮ್ಮ. ಆ ಮೂಲೆಯಿಂದಾಚೆ ಬರೀ ರೂಮುಗಳು."

ಆ ರೂಮುಗಳು ಯಾರದ್ದು ಅಂತ ಹೇಳಿಬಿಡ್ತೀನಿ. ಆರು ನನ್ನವೇ. ಹಾಲೋ ಬ್ಲಾಕ್ ಗೋಡೆ, ಮೇಲೆ ಶೀಟು. ರಾಗಿ ಬೆಳೀತಿದ್ದ ಜಾಗದಲ್ಲಿ ನಮ್ಮೆಜಮಾನರು ಕಟ್ಟಿಸಿದ್ದು. ನಮ್ಮದು ನೋಡಿ ಪಾಪಮ್ಮನೋರು ಕಟ್ಟಿಸಿದರು, ಗೌಡರು ಕಟ್ಟಿಸಿದರು, ಸಾಲು ಸಾಲಾಗಿ ಎದ್ದವು. ಅದರಲ್ಲಿ ಇರೋರೆಲ್ಲ ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯೋರು, ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ. ಅವರ ಬಾಡಿಗೇಲಿ ನಮ್ಮ ಒಲೆ ಉರೀತಿತ್ತು. ಆದರೂ ಬರೀಲಿಲ್ಲ. ಬೇಕೂಂತ ಬಿಟ್ಟಿದ್ದಲ್ಲ. ತಲೆಗೆ ಬರಲೇ ಇಲ್ಲ, ಅದು ಇನ್ನೂ ಕೆಟ್ಟದ್ದು.

ಹಿಂದೆ ಗೋಡೆ ಹತ್ತಿರ ಶರಣಮ್ಮ ನಿಂತಿದ್ದಳು. ನನ್ನ ಮೊದಲನೇ ರೂಮಿನವಳು, ಸುರಪುರದ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗೋನು. ಇವಳು ರೂಮಲ್ಲೇ ಒಲೆ ಹಾಕಿ ಜೋಳದ ರೊಟ್ಟಿ ಬಡಿದು, ಅವರ ಕಡೆಯ ಕೆಲಸಗಾರರಿಗೆಲ್ಲ ಮಾರೋಳು. ಬುಟ್ಟಿ ಸೊಂಟದ ಮೇಲಿಟ್ಟುಕೊಂಡು ನೋಡ್ತಾ ಇದ್ದವಳು ಮೆಲ್ಲಗೆ ಕೇಳಿದಳು, "ನಮ್ಮ ಮನಿ ಎಲ್ಲದರಿ ಆಯಿ?"

"ನಿಮ್ಮ ಮನೆ ಯಾದಗಿರಿ ಜಿಲ್ಲೇಲಿ ಅಲ್ವೇನೇ? ಅಷ್ಟು ದೂರ ಬರೆಯೋಕೆ ನನ್ನ ಹತ್ರ ಪುಡಿ ಇಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಬುಟ್ಟಿ ಎತ್ತಿಕೊಂಡು ಹೋದಳು.

ಮೇಡಂ ಪುಸ್ತಕದ ಹಾಳೆ ತಿರುಗಿಸಿ ಒಂದು ಕಡೆ ಓದಿ ಮುಚ್ಚಿದಳು. ಜನ ಬರೆದದ್ದಕ್ಕೆ ನಾವು ಕೈ ಹಾಕಬಾರದು, ತಿದ್ದಬಾರದು ಅಂತ ಅದರಲ್ಲಿ ಬರೆದಿದೆಯಂತೆ. ಅದನ್ನ ನನಗೆ ಆಮೇಲೊಂದು ದಿನ ಹೇಳಿದಳು. ಅವರೆಕಾಳು ಹಂಚಿ, ನಿಮಗೆ ಏನು ಮೊದಲು ಬೇಕೋ ಅದರ ಮೇಲೆ ಹಾಕಿ ಅಂದಳು. ನಲ್ಲಿ, ದೀಪ, ಮೋರಿ, ಕಸದ ಗಾಡಿ, ನಾಲ್ಕನ್ನೂ ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಳು. ಮಳೆ ಬಂದರೆ ಮೇಲಿನ ಬೀದಿ ನೀರೆಲ್ಲ ಅಂಗಳಕ್ಕೆ ನುಗ್ಗೋದು ನಮಗೆ ಸಾಕಾಗಿತ್ತು. ಕಾಳೆಲ್ಲ ಮೋರಿ ಮೇಲೆ ಬಿತ್ತು. ಮೇಡಂ ಸ್ಕೂಲಿನ ತಾರಸಿ ಹತ್ತಿ ಫೋಟೋ ತೆಗೆದಳು. ಆಮೇಲೆ ಕಾಳು ಆರಿಸಿಕೊಂಡು ಮನೆಗೆ ತಂದು ಹುಳಿ ಮಾಡಿದೆವು.

ಇಂಥ ಕೆಲಸ ಆಗಲ್ಲ ಅಂತಲೇ ನಾನು ಅಂದುಕೊಂಡಿದ್ದು. ಆಯ್ತು. ಜೆಸಿಬಿ ಬಂತು, ಕಂಬಿ ಬಂತು, ಮೇಲಿನ ಬೀದಿಯಿಂದ ಕಾಂಕ್ರೀಟ್ ಮೋರಿ ಇಳಿದು ಬಾವಿ ಬೀದಿ ದಾಟಿ, ಮುನೇಶ್ವರನ ಅರಳಿಮರದ ಹತ್ತಿರ ಬಂದು ನಿಂತಿತು. ಮೋರಿ ಬಾಯಿ ಅಲ್ಲೇ ತೆರೆದು ಬಿಟ್ಟರು. ಮುಂದಕ್ಕೆ ಯಾವಾಗ ಅಂತ ಮೇಸ್ತ್ರಿನ ಕೇಳಿದೆ. ಅವನು ಮಡಿಸಿದ ಕಾಗದ ಬಿಚ್ಚಿ ತೋರಿಸಿದ. ನನ್ನದೇ ರಂಗೋಲಿ. "ಊರು ಇಲ್ಲಿಗೇ ಮುಗ್ದೋಯ್ತಲ್ಲ ಅಜ್ಜಿ," ಅಂದ.

ನಾನು ಮನೆಗೆ ಬಂದುಬಿಟ್ಟೆ. ಆವತ್ತೇ ಬಾಯಿ ಬಿಡಬೇಕಿತ್ತು.

ಆಷಾಢದಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಮಳೆ ಹಿಡೀತು. ಮೋರಿ ಇಲ್ಲದ ಕಾಲದಲ್ಲಿ ನೀರು ಎಲ್ಲರ ಅಂಗಳಕ್ಕೂ ಇಷ್ಟಿಷ್ಟು ನುಗ್ಗಿ, ಅಲ್ಲಲ್ಲೇ ಇಂಗ್ತಿತ್ತು. ಈಗ ಒಂದು ಹನೀನೂ ಪೋಲಾಗದೆ ಅಷ್ಟೂ ಮೋರಿಗೆ ಇಳಿದು ಅರಳಿಮರದ ಹತ್ತಿರ ಒಟ್ಟಿಗೆ ಕಕ್ಕಿತು. ನಮ್ಮ ಬೀದಿ ಹೆಂಗಸರು ಜಗಲಿ ಮೇಲೆ ನಿಂತು, ನೋಡ್ರೇ ಎಷ್ಟು ಚೆನ್ನಾಗಿ ಹರೀತದೆ ಅಂತ ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡೆ. ಅರ್ಧ ಗಂಟೆ ಆದಮೇಲೆ ರೂಮುಗಳ ಕಡೆಯಿಂದ ಕೂಗಾಟ ಕೇಳಿಸ್ತು.

ಸೀರೆ ಎತ್ತಿ ಕಟ್ಟಿಕೊಂಡು ಹೋದೆ. ಮೊಣಕಾಲುದ್ದ ನೀರು, ನಮ್ಮ ಅಡುಗೆಮನೆಗಳದ್ದೇ ಎಂಜಲು ತೇಲ್ತಿತ್ತು. ಶರಣಮ್ಮನ ರೂಮಲ್ಲಿ ಒಲೆ ಮುಳುಗಿತ್ತು. ಜೋಳದ ಹಿಟ್ಟಿನ ಚೀಲ ಕೆಳಗಿಂದ ನೆಂದು ಉಬ್ಬಿ, ಆ ಹುಳಿ ವಾಸನೆ ರೂಮೆಲ್ಲ ಹಿಡಿದಿತ್ತು. ಬಡಿದಿಟ್ಟ ರೊಟ್ಟಿ ಒಂದರ ಮೇಲೊಂದು ಹಂಗೇ ಕರಗಿ ಕೂತಿದ್ದವು. ಅವಳು ಊಟದ ತಟ್ಟೇಲಿ ನೀರು ಮೊಗೆದು ಬಾಗಿಲಾಚೆ ಚೆಲ್ಲೋಳು, ಅದು ಮತ್ತೆ ಒಳಗೆ ಬರೋದು. ನನ್ನ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಹಗುರ ಮಾಡಿಕೊಳ್ತಿದ್ದೆ.

"ಆಯಿ, ಇನ್ನೊಂದು ತಿಂಗಳು ನೋಡ್ತೀವ್ರಿ. ಹಿಂಗಾದ್ರ ರೊಟ್ಟಿ ಕೆಲಸ ನಡಿಯಂಗಿಲ್ಲ. ರೂಮ್ ಬಿಡ್ತೀವಿ," ಅಂದಳು.

ತಪ್ಪಾಯ್ತು ಅಂತ ನಾನು ಹೇಳಲಿಲ್ಲ. ಪೊರಕೆ ತಗೊಂಡು ನೀರು ತಳ್ಳಿದೆ. ಅದರಿಂದ ಏನೂ ಉಪಯೋಗ ಆಗಲಿಲ್ಲ.

ಆಮೇಲೆ ಇನ್ನೆರಡು ಮಳೆ. ಎರಡಕ್ಕೂ ಅದೇ ಕಥೆ. ನಕ್ಷೆ ಮೇಡಂ ಫೋನ್ ನಂಬರ್ ಮಗನ ಹತ್ತಿರ ಇತ್ತು, ಮಾಡಿಸಿದೆ. ಅವಳು ಇಂಜಿನಿಯರ್ ಸಾರನ್ನೇ ಕರಕೊಂಡು ಬಂದಳು. ಅವರು ಅರಳಿಮರದ ಹತ್ತಿರ ನಿಂತು ನೋಡಿದರು. ರೂಮುಗಳು ದಾಟಿದರೆ ಆಚೆ ರೋಡಿನ ಅಡಿ ದೊಡ್ಡ ಮೋರಿ ಇದೆ, ಅಲ್ಲಿಗೆ ಸೇರಿಸಿದರೆ ಮುಗೀತು, ಆದರೆ ನಕ್ಷೇಲಿ ಇಲ್ಲದ ಜಾಗಕ್ಕೆ ನಾನು ಹೇಗೆ ಬರೀಲಿ ಅಂದರು. ಹೆಂಗಸರು ಮತ್ತೆ ಸೇರಿ ಬರೀಬೇಕು, ಇಪ್ಪತ್ತು ಜನ ಸಹಿ ಹಾಕಬೇಕು. ತೀರ್ಮಾನ ಅಷ್ಟೇ.

ಮನೆ ಮನೆ ಹತ್ತಿದೆ. ಪಾಪಮ್ಮ ಅಕ್ಕಿ ಕೇರ್ತಾ ತಲೆ ಎತ್ತದೆ ಅಂದಳು, "ಇವತ್ತು ಗೆರೆ ಎಳೆದ್ರೆ ನಾಳೆ ಅವರೂ ಆರತಿ ತಟ್ಟೆ ಇಡ್ಕೊಂಡು ಮುಂದೆ ಬಂದು ನಿಂತ್ಕತಾರೆ ಕಣಕ್ಕ."

"ನಿಂತ್ಕಳ್ಳಿ. ನಿನ್ನ ಸೊಸೆ ತಂಬಿಟ್ಟು ಅಂಗ್ಡೀಲಿ ತರಿಸ್ತಾಳೆ, ಅವರಾದ್ರೂ ಮಾಡ್ತಾರೆ."

ಆವತ್ತು ಮಾತು ಬಿಟ್ಟವಳು ಇವತ್ತಿಗೂ ಬಿಟ್ಟಿದ್ದಾಳೆ. ಒಬ್ಬೊಬ್ಬರದ್ದು ಒಂದೊಂದು ನೆಪ. ಮೊಣಕಾಲು ನೋವು, ಮೊಮ್ಮಗನ ಪರೀಕ್ಷೆ. ನಮ್ಮ ಅಂಗಳ ಒಣಗಿತ್ತಲ್ಲ, ಇನ್ನೇನು ಬೇಕು. ಕೊನೆಗೆ ನಮ್ಮ ಬೀದಿಯಿಂದ ಬಂದೋರು ಐದು ಜನ. ಉಳಿದ ಹದಿನೈದು ಸಹಿ ಎಲ್ಲಿಂದ ತರೋದು? ರೂಮಿನೋರು ಹಾಕಬಹುದಾ ಅಂತ ಮೇಡಮ್ಮನ್ನ ಕೇಳಿದೆ. ಅವಳು ನಿಂತಲ್ಲೇ ಪುಸ್ತಕ ತಿರುಗಿಸಿ ಬೆರಳಿಟ್ಟು ಓದಿದಳು. "ವಾಸ ಇರೋರು ಅಂತ ಇದೆ ಅಜ್ಜಿ. ಹುಟ್ಟಿದೋರು ಅಂತ ಇಲ್ಲ."

ಆ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಅದೊಂದೇ ಮಾತು.

ಒಂದು ಭಾನುವಾರ ಬೆಳಿಗ್ಗೆ ಅದೇ ಮೈದಾನ. ರೂಮುಗಳ ಹೆಂಗಸರು ಬಂದರು, ಕೆಲವರು ಕೆಲಸದ ಬಟ್ಟೇಲೇ. ಮೊದಲು ನಾನು ಹಳೇದನ್ನ ಹಾಗೇ ಬರೆದೆ, ಅರಳಿಮರದ ತನಕ. ಆಮೇಲೆ ಪುಡಿ ಚೀಲ ಶರಣಮ್ಮನ ಕೈಗೆ ಕೊಟ್ಟೆ. ಅವಳಿಗೆ ನಮ್ಮ ಹಾಗೆ ಚಿಟಿಕೆಯಲ್ಲಿ ಎಳೆ ಬಿಡೋಕೆ ಬರಲ್ಲ. ಅಂಗೈ ತುಂಬ ತಗೊಂಡು ರೊಟ್ಟಿಗೆ ಹಿಟ್ಟು ಉದುರಿಸೋ ಹಾಗೆ ಉದುರಿಸಿದಳು. ಶುರು ಮಾಡಿದ್ದು ದೇವಸ್ಥಾನದಿಂದಲ್ಲ, ಗೌಡರ ಮನೆಯಿಂದಲ್ಲ. ಟ್ಯಾಂಕರ್ ನಿಲ್ಲೋ ಜಾಗದಿಂದ. ಕೊಡ ಇಡೋ ಸಾಲು, ಆಮೇಲೆ ಕಕ್ಕಸು. ಎಷ್ಟು ರೂಮಿಗೆ ಒಂದು ಕಕ್ಕಸು ಅಂತ ಮೇಡಂ ಕೇಳಿದಳು, ಶರಣಮ್ಮ ಹೇಳಿದಳು. ಮೇಡಂ ನನ್ನ ಕಡೆ ನೋಡಿದಳು. ನನಗೆ ಗೊತ್ತಿಲ್ಲದ್ದೇನಲ್ಲ. ಕಟ್ಟಿಸಿದವಳೇ ನಾನು.

ಆಮೇಲೆ ನೀರಿಗೆ ಅಂತ ಇಟ್ಟಿದ್ದ ನೀಲಿ ಪುಡಿ ತಗೊಂಡಳು. ನನ್ನ ಬೇವಿನ ಸೊಪ್ಪಿನ ಹತ್ತಿರ ಕೂತು, ಅಲ್ಲಿಂದ ಕುಕ್ಕರಗಾಲಲ್ಲೇ ಸರೀತಾ ಸರೀತಾ ಗೆರೆ ಎಳೆದಳು. ಗೆರೆ ನೆಟ್ಟಗೆ ಬಂದು ಒಂದು ಬಿಳೀ ಚೌಕದ ನಡುವೆ ಹಾಯ್ದು ರೋಡಿನ ಮೋರಿಗೆ ಸೇರಿತು.

"ಏ, ಅದು ನಿನ್ನ ರೂಮು ಕಣೇ," ಅಂದೆ.

"ಗೊತ್ತದರಿ ಆಯಿ. ಮೂರು ಮಳಿ ಕುಂತು ನೋಡೀನಿ. ನೀರು ಇಲ್ಲೇ ಬರ್ತದ, ಇಲ್ಲೇ ಹೋಗ್ತದ."

ಇಂಜಿನಿಯರ್ ಸಾರ್ ಒಂದು ಪೈಪಿನಂಥದ್ದು ಹಿಡಿದು ಮಟ್ಟ ನೋಡಿಕೊಂಡು ಬಂದಿದ್ದರು. ಹೌದು, ಅದೇ ಇಳಿಜಾರು ಅಂದರು. ಸುತ್ತು ಹಾಕಿಸಿದರೆ ಮೂಲೇಲಿ ಕಸ ಕಟ್ಟಿಕೊಳ್ಳುತ್ತೆ, ಮತ್ತೆ ಇದೇ ಗೋಳು ಅಂದರು.

ಅವರು ಹೇಳೋದೇ ಬೇಕಿರಲಿಲ್ಲ. ನಮ್ಮೆಜಮಾನರು ರೂಮು ಕಟ್ಟಿಸೋ ಮುಂಚೆ ಅಲ್ಲೊಂದು ಸಣ್ಣ ಹಳ್ಳ ಇತ್ತು. ಮಳೆಗಾಲದಲ್ಲಿ ಹೊಲದ ನೀರು ಅದರಲ್ಲೇ ಇಳೀತಿತ್ತು. ಎರಡು ಲೋಡು ಮಣ್ಣು ಹಾಕಿಸಿ ಮಟ್ಟ ಮಾಡಿಸಿದೆವು. ಯಜಮಾನರು ಕೆಲಸಕ್ಕೆ ಹೋಗಿದ್ದರು, ಮಣ್ಣು ತುಳಿಸಿದವಳು ನಾನೇ. ಅದರ ಮೇಲೇ ಮೊದಲನೇ ರೂಮು. ಊರಲ್ಲಿ ಯಾರಿಗೂ ಅದು ಜ್ಞಾಪಕ ಇರಲಿಲ್ಲ. ನನಗಿತ್ತು. ಆರು ವರ್ಷ ಅಲ್ಲಿ ಬಾಡಿಗೆಗಿದ್ದವಳು ಮೂರು ಮಳೇಲಿ ಕಂಡುಹಿಡಿದಳು.

ಶರಣಮ್ಮ ನೀಲಿ ಕೈ ಸೀರೆಗೆ ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು ನನ್ನ ನೋಡಿದಳು. "ಗ್ವಾಡಿ ನಿಮ್ಮದು ಆಯಿ. ಹೂಂ ಅಂದ್ರ ಇರಲಿ. ಇಲ್ಲಂದ್ರ ಒರಸ್ತೀನಿ."

ಹದಿನೈದು ಹೆಂಗಸರು ನಿಂತಿದ್ದರು. ಹೂಂ ಅಂದರೆ ಉಳಿದ ರೂಮುಗಳೆಲ್ಲ ಒಣಗ್ತವೆ, ಇವಳಿಗೆ ರೂಮಿಲ್ಲ, ನನಗೆ ಬಾಡಿಗೆ ಇಲ್ಲ. ಊಹೂಂ ಅಂದರೆ ಎಲ್ಲರೂ ನೀರಲ್ಲಿ. ನನಗೆ ಆ ಹೊತ್ತಲ್ಲಿ ಬಂದ ಯೋಚನೆ ದೊಡ್ಡದೇನಲ್ಲ. ಬಿಸಿಲು ಏರ್ತಿತ್ತು, ಸೊಂಟ ಹಿಡಿದಿತ್ತು, ಮೂರು ಸಲ ಆ ಎಂಜಲು ನೀರು ಗುಡಿಸಿ ಸಾಕಾಗಿತ್ತು.

"ಒರೆಸಬೇಡ," ಅಂದೆ.

ಮಗ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಊರಿಗೆಲ್ಲ ಮೋರಿ ಬೇಕಾದ್ರೆ ನಮ್ಮ ರೂಮೇ ಬೇಕಾ ಅವ್ವ ಅಂದ. ಹೌದು ಕಣೋ, ನಾವೇ ಹಳ್ಳದ ಮೇಲೆ ಕಟ್ಟಿದ್ವಿ ಅಂದೆ. ಅವನಿಗೆ ಅದು ಗೊತ್ತಿರಲಿಲ್ಲ.

ಶರಣಮ್ಮನಿಗೆ ಬೇರೆ ರೂಮು ಕೊಡಬಹುದಿತ್ತೇನೋ ಅಂತ ಕೇಳೋರು ಕೇಳ್ತಾರೆ. ಖಾಲಿ ಇರಲಿಲ್ಲ. ಇದ್ದರೂ ಅಷ್ಟು ದೊಡ್ಡ ಒಲೆ ಹಾಕೋಕೆ ಬೇರೆ ಯಾರ ರೂಮಲ್ಲೂ ಜಾಗ ಇಲ್ಲ. ನಮ್ಮ ಹಳೇ ಮನೆ ಮುಂದಿನ ಕೋಣೆ ಖಾಲಿ ಇತ್ತು, ಅದು ನನಗೆ ತೋಚಿತ್ತು, ನಾನು ಬಾಯಿ ಬಿಡಲಿಲ್ಲ. ಹೊಗೆಗೆ ಗೋಡೆ ಕಪ್ಪಾಗುತ್ತೆ ಅಂತ. ಈಗ ಆ ಗೋಡೆಯೂ ಇಲ್ಲ.

ಅವಳ ಗಂಡನಿಗೆ ತುಮಕೂರು ರೋಡಲ್ಲಿ ಮಾಕಳಿ ಹತ್ತಿರ ಒಂದು ಫ್ಯಾಕ್ಟರಿ ಕಟ್ಟೋ ಕಡೆ ಕೆಲಸ ಸಿಕ್ಕಿತು. ಗೂಡ್ಸ್ ಆಟೋ ಬಂತು. ರೊಟ್ಟಿ ಬಡಿಯೋ ಕಲ್ಲು, ಕೊಡಗಳು, ಒಂದು ಕಬ್ಬಿಣದ ಮಂಚ. ಹೊರಡುವಾಗ ಬಾಗಿಲ ಪರದೆ ಬಿಚ್ಚಿ ಮಡಿಸಿ ಹೆಗಲ ಮೇಲೆ ಹಾಕಿಕೊಂಡು, "ಬರ್ತೀನ್ರಿ ಆಯಿ," ಅಂದಳು. ಹುಷಾರು ಅಂದೆ. ಅತ್ತುಕೊಂಡು ಕಳಿಸಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ಮಾರನೇ ದಿನ ಗೋಡೆ ಕೆಡವಿದರು. ಒಲೆ ಇದ್ದ ಕಡೆ ನೆಲ ಇನ್ನೂ ಕಪ್ಪಗಿತ್ತು, ಅದನ್ನೂ ಅಗೆದರು. ಒಂದಾಳುದ್ದ ಕೆಳಗೆ ಹಳೇ ಹಳ್ಳದ ಮರಳು ಸಿಕ್ಕಿತು.

ದಸರೆ ಹೊತ್ತಿಗೆ ಒಂದು ದೊಡ್ಡ ಮಳೆ ಬಂತು. ಕೊಡೆ ಹಿಡಿದು ಹೋಗಿ ಮೋರಿ ಹತ್ತಿರ ನಿಂತೆ. ನೀರು ಅರಳಿಮರ ದಾಟಿ, ಶರಣಮ್ಮನ ರೂಮು ದಾಟಿ, ರೋಡಿನ ಅಡಿ ಹೋಯ್ತು. ರೂಮುಗಳ ಬಾಗಿಲು ತೆಗೆದೇ ಇದ್ದವು, ಒಳಗೆ ನೆಲ ಒಣಗಿತ್ತು. ಎರಡು ನಿಮಿಷ ನೋಡಿ ಬಂದೆ.

"ಅಜ್ಜಿ, ನಿಮ್ಮದೇ ಸರದಿ," ಅಂತ ವಾರ್ಡ್ ಆಫೀಸಿನ ಹುಡುಗ ಕರೆದ. ಎದ್ದು ಹೋದೆ. ಈಗ ಎಲ್ಲಿದ್ದೀರಿ ಅಂತ ಕೇಳಿದ. ಪೀಜಿಯ ಮೆಟ್ಟಿಲು ನನಗೆ ಆಗಲ್ಲ, ಹಿಂದೆ ನಮ್ಮ ಶೀಟು ರೂಮಿದೆಯಲ್ಲ, ನಾಲ್ಕನೇದು, ಅಲ್ಲಿದ್ದೀನಿ ಅಂದೆ. ಅವನಿಗೆ ಗೊತ್ತಾಗಲಿಲ್ಲ. ಫ್ಲೆಕ್ಸ್ ತೋರಿಸಿ, ಇದರಲ್ಲಿ ಎಲ್ಲಿ ಬರುತ್ತೆ ತೋರಿಸಿ ಅಂದ. ನಾನು ಹೋಗಿ ಕೆಳಗಿನ ಮೂಲೇಲಿ ಬೆರಳಿಟ್ಟೆ.

"ಅಲ್ಲೇನೂ ಇಲ್ವಲ್ಲಜ್ಜಿ."

ಎರಡನೇ ಸಲ ಬರೆದದ್ದು ಎಲ್ಲಿ ಅಂತ ಕೇಳಿದೆ. ಅವನಿಗೆ ಗೊತ್ತಿಲ್ಲ, ಅವನು ಬಂದು ಆರು ತಿಂಗಳಾಯ್ತಂತೆ. ಮೋರಿ ಕಟ್ಟೋಕೆ ಅದು ಬೇಕಿತ್ತು, ಕಟ್ಟಿದರು, ಫೈಲಿಗೆ ಹೋಯ್ತು. ಗೋಡೆಗೆ ಮೊದಲನೇದೇ ಸಾಕಾಯ್ತು ಅಂತ ಕಾಣುತ್ತೆ. ಅದರಲ್ಲಿ ಗೆರೆಗಳು ಚೆನ್ನಾಗಿದ್ದವಲ್ಲ.

"ದಪ್ಪ ಪೆನ್ನು ಇದ್ರೆ ಕೊಡಪ್ಪ," ಅಂದೆ.

ಕೊಡೋದಾ ಬೇಡವಾ ಅಂತ ಒಳಗಿನ ರೂಮಿನ ಕಡೆ ನೋಡಿ, ಕೊನೆಗೆ ಕೊಟ್ಟ. ಅರಳಿಮರದಿಂದಾಚೆ ಚೌಕಗಳನ್ನ ಬರೆದೆ. ಪೆನ್ನು ಹಿಡಿದು ಅಭ್ಯಾಸ ಇಲ್ಲ, ಸೊಟ್ಟ ಸೊಟ್ಟ ಬಂದವು. ಎರಡು, ಮೂರು, ನಾಲ್ಕು ಅಂತ ಬಾಯಲ್ಲಿ ಎಣಿಸ್ತಾ ಆರರ ತನಕ. ಇದೇ ನನ್ನದು ಅಂತ ನಾಲ್ಕರ ಮೇಲೆ ಒಂದು ಚುಕ್ಕೆ ಇಟ್ಟೆ. ಅವನು ಬಗ್ಗಿ ನೋಡಿ, ಒಂದನೇದು ಎಲ್ಲಜ್ಜಿ ಅಂದ.

ಶರಣಮ್ಮನ ರೂಮು ನಾನು ಬರೀಲಿಲ್ಲ. ಅದು ಈಗ ಮೋರಿ. ಮೋರಿ ಬರೆದು ಪೆನ್ನು ವಾಪಸ್ ಕೊಟ್ಟೆ.